ಸ್ಟೀಲ್ ಲೋಟಕ್ಕೆ ಕಾಂತ ಏಕೆ ಅಂಟಲಿಲ್ಲ?

ಮಕ್ಕಳೇ, ಹಳಿಯಾಳ ತಾಲ್ಲೂಕಿನ ತೇರಗಾಂವದ ಒಂದು ಅಡುಗೆಮನೆಯನ್ನು ಊಹಿಸಿಕೊಳ್ಳಿ. ರೊಟ್ಟಿ ಸುಡುವ ಕಬ್ಬಿಣದ ಹಂಚು, ಅಲ್ಯೂಮಿನಿಯಂ ಪಾತ್ರೆ, ತಾಮ್ರದ ಕೊಡ, ಹಿತ್ತಾಳೆಯ ದೀಪ, ಸ್ಟೀಲ್ ತಟ್ಟೆ ಲೋಟಗಳು ಅಲ್ಲಿವೆ. ಎಲ್ಲವೂ ಲೋಹದವೇ. ಒಂದು ಕಾಂತವನ್ನು ಇವುಗಳ ಬಳಿ ತಂದರೆ ಏನಾಗುತ್ತದೆ?

ಹಂಚು ಕೂಡಲೇ ಅಂಟಿಕೊಳ್ಳುತ್ತದೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಅಂಟುವುದಿಲ್ಲ. ಸ್ಟೀಲ್ ಮಾತ್ರ ನಮ್ಮನ್ನು ಗೊಂದಲಕ್ಕೆ ದೂಡುತ್ತದೆ. ಒಂದು ತಟ್ಟೆ ಅಂಟಿದರೆ ಇನ್ನೊಂದು ಲೋಟ ಅಂಟುವುದಿಲ್ಲ!

ಕಬ್ಬಿಣದ ಒಳಗುಟ್ಟು

ಕಬ್ಬಿಣದ ಪ್ರತಿಯೊಂದು ಪರಮಾಣುವೂ ಒಂದು ಪುಟ್ಟ ಕಾಂತ. ಅಕ್ಕಪಕ್ಕದ ಪರಮಾಣುಗಳು ಗುಂಪುಗೂಡಿ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಆದರೆ ಸಾಧಾರಣ ಮೊಳೆಯಲ್ಲಿ ಒಂದು ಗುಂಪು ಒಂದು ಕಡೆಗೆ, ಇನ್ನೊಂದು ಗುಂಪು ಮತ್ತೊಂದು ಕಡೆಗೆ ತಿರುಗಿರುತ್ತದೆ. ಹೀಗಾಗಿ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕಾಂತವನ್ನು ಹತ್ತಿರ ತಂದಾಗ, ಪ್ರಾರ್ಥನೆಯ ಗಂಟೆ ಕೇಳಿದ ಮಕ್ಕಳು ಸಾಲಾಗಿ ನಿಲ್ಲುವಂತೆ, ಹೆಚ್ಚಿನ ಗುಂಪುಗಳು ಒಂದೇ ಕಡೆಗೆ ಸಾಲಾಗುತ್ತವೆ. ಆಗ ಮೊಳೆಯೇ ಕಾಂತವಾಗಿ ಸೆಳೆಯಲ್ಪಡುತ್ತದೆ. ನಿಕಲ್ ಮತ್ತು ಕೋಬಾಲ್ಟ್ ಲೋಹಗಳಿಗೂ ಈ ಗುಣವಿದೆ.

ಸ್ಟೀಲಿನಲ್ಲಿ ಏನಿದೆ?

ತುಕ್ಕು ಹಿಡಿಯದ ಸ್ಟೀಲಿನಲ್ಲಿ ಹೆಚ್ಚಿನ ಭಾಗ ಕಬ್ಬಿಣವೇ. ತುಕ್ಕು ತಡೆಯಲು ಕ್ರೋಮಿಯಂ ಸೇರಿಸುತ್ತಾರೆ. ಕ್ರೋಮಿಯಂ ಮಾತ್ರ ಸೇರಿಸಿದ ಸ್ಟೀಲ್ ಕಾಂತಕ್ಕೆ ಅಂಟುತ್ತದೆ. ಸುಮಾರು ಶೇಕಡ 18 ಕ್ರೋಮಿಯಂ, ಶೇಕಡ 8 ನಿಕಲ್ ಸೇರಿಸಿದರೆ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ. ಆಗ ಪುಟ್ಟ ಕಾಂತಗಳು ಒಟ್ಟಾಗಿ ಸಾಲುಗಟ್ಟಲಾರವು. ನಿಕಲ್ ಕಾಂತಕ್ಕೆ ಅಂಟುವ ಲೋಹ, ಕಬ್ಬಿಣವೂ ಅಂಟುವ ಲೋಹ. ಎರಡೂ ಬೆರೆತ ಈ ಸ್ಟೀಲ್ ಮಾತ್ರ ಅಂಟುವುದಿಲ್ಲ! ಇದು ಸೋಜಿಗವಲ್ಲವೇ?

"ಕಾಂತ ಅಂಟದಿದ್ದರೆ ಅದು ಒಳ್ಳೆಯ ಸ್ಟೀಲ್" ಎಂದು ಸಂತೆಯಲ್ಲಿ ಹೇಳುವುದನ್ನು ನೀವು ಕೇಳಿರಬಹುದು. ಈ ಮಾತನ್ನು ಪೂರ್ತಿ ನಂಬಬೇಡಿ. ನಿಕಲ್ ದುಬಾರಿ. ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ ಸ್ಟೀಲ್ ಕೂಡ ಕಾಂತಕ್ಕೆ ಅಂಟುವುದಿಲ್ಲ. ಆದರೆ ಅದು ತುಕ್ಕನ್ನು ಅಷ್ಟು ಚೆನ್ನಾಗಿ ತಡೆಯುವುದಿಲ್ಲ. ಕಾಂತ ಪರಮಾಣುಗಳ ಜೋಡಣೆಯನ್ನು ತಿಳಿಸುತ್ತದೆಯೇ ಹೊರತು ಪಾತ್ರೆಯ ಬೆಲೆಯನ್ನಲ್ಲ. ಅಂದಹಾಗೆ, ಈ ಮ್ಯಾಂಗನೀಸಿನ ಅದಿರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೂ ಇದೆ.

ಅದಿರನ್ನು ಆರಿಸಿದ ಕಾಂತ

ಅದಿರಿನಲ್ಲಿಯೂ ಇದೇ ಕಥೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಅದಿರು ಮ್ಯಾಗ್ನಟೈಟ್. ಇದು ಕಾಂತಕ್ಕೆ ಬಲವಾಗಿ ಅಂಟುತ್ತದೆ. ಅಲ್ಲಿ ಕಲ್ಲನ್ನು ನುಣ್ಣಗೆ ಅರೆದು, ಕಾಂತಗಳ ನೆರವಿನಿಂದ ಅದಿರನ್ನು ಬೇರ್ಪಡಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಂತಿತು. ಬಳ್ಳಾರಿ ಸೀಮೆಯ ಸಂಡೂರಿನಲ್ಲಿ ಹೆಚ್ಚಾಗಿ ಸಿಗುವುದು ಹೆಮಟೈಟ್. ಅದರಲ್ಲೂ ಕಬ್ಬಿಣ ಮತ್ತು ಆಮ್ಲಜನಕವೇ ಇವೆ. ಆದರೆ ಪರಮಾಣುಗಳ ಜೋಡಣೆ ಬೇರೆಯಾದ್ದರಿಂದ ಸಾಧಾರಣ ಕಾಂತ ಅದನ್ನು ಅಷ್ಟಾಗಿ ಸೆಳೆಯದು.

ಮಾಡಿ ನೋಡಿ

1. ಕೆಟ್ಟ ರೇಡಿಯೋದ ಸ್ಪೀಕರಿನಿಂದ ತೆಗೆದ ಕಾಂತವನ್ನು ಕಾಗದದಲ್ಲಿ ಸುತ್ತಿ ಹಳ್ಳದ ಒಣಮರಳಿನಲ್ಲಿ ಆಡಿಸಿ. ಕಪ್ಪು ಕಣಗಳು ಅಂಟಿದರೆ ಅವು ಮ್ಯಾಗ್ನಟೈಟ್ ಇರಬಹುದು.
2. ಕಾಂತಕ್ಕೆ ಅಂಟದ ಸ್ಟೀಲ್ ಲೋಟದ ಮಡಚಿದ ಅಂಚಿಗೆ ಕಾಂತ ಹಿಡಿಯಿರಿ. ಕೆಲವು ಲೋಟಗಳಲ್ಲಿ ಅಲ್ಲಿ ಮಾತ್ರ ತುಸು ಸೆಳೆತವಿರುತ್ತದೆ. ಮಡಚಿ ಬಡಿಯುವಾಗ ಪರಮಾಣುಗಳ ಜೋಡಣೆ ಅಲ್ಲಿ ಬದಲಾಗಿರುವುದೇ ಇದಕ್ಕೆ ಕಾರಣ.
3. ಮನೆಯಲ್ಲಿರುವ ಹಳೆಯ, ಹೊಸ ನಾಣ್ಯಗಳನ್ನು ಪರೀಕ್ಷಿಸಿ ಪಟ್ಟಿ ಮಾಡಿ. 75 ಪಾಲು ತಾಮ್ರ, 25 ಪಾಲು ನಿಕಲ್ ಇರುವ ಹಳೆಯ ನಾಣ್ಯಗಳು ಅಂಟುವುದಿಲ್ಲ. ಸ್ಟೀಲಿನ ಒಂದು ರೂಪಾಯಿ ನಾಣ್ಯ ಅಂಟುತ್ತದೆ.

ಎಚ್ಚರಿಕೆ: ಚಿಕ್ಕ ಕಾಂತಗಳನ್ನು ಬಾಯಿಗೆ ಹಾಕಬೇಡಿ. ಎರಡು ಕಾಂತಗಳನ್ನು ನುಂಗಿದರೆ ಅವು ಕರುಳಿನೊಳಗೆ ಒಂದಕ್ಕೊಂದು ಅಂಟಿ ಪ್ರಾಣಾಪಾಯವಾಗಬಹುದು.