ಅಜ್ಜಿಯ ಮಾತು ನಿಲ್ಲದಿರಲಿ

ಬೆಂಗಳೂರಿನ ಶಿವಾಜಿನಗರದ ಒಂದೇ ವಠಾರದಲ್ಲಿ ದಖನಿ ಉರ್ದು, ತಮಿಳು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಹಲಸೂರಿನ ಎಷ್ಟೋ ಮನೆಗಳಲ್ಲಿ ಅಜ್ಜಿಯದು ತಮಿಳು, ಬೀದಿಯದು ಕನ್ನಡ, ಶಾಲೆಯದು ಇಂಗ್ಲಿಷ್. ಇಂಥ ಮನೆಯ ಮಗುವಿಗೆ ಆಟಿಸಂ ಇದೆ ಎಂದು ಗೊತ್ತಾದರೆ ಯಾರಾದರೂ ಹೇಳಿಯೇ ಹೇಳುತ್ತಾರೆ: ‘ಮಗುವಿಗೆ ಗೊಂದಲ ಆಗುತ್ತೆ, ಇಂಗ್ಲಿಷ್ ಒಂದೇ ಮಾತಾಡಿ.’

ಈ ಸಲಹೆ ಮಾಡುವ ನಷ್ಟ ದೊಡ್ಡದು. ಎರಡು ಭಾಷೆ ಕೇಳುತ್ತಾ ಬೆಳೆದ ಆಟಿಸಂ ಮಕ್ಕಳನ್ನು ಒಂದೇ ಭಾಷೆಯವರೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ, ಎರಡನೆಯ ಭಾಷೆಯಿಂದ ಮಾತು ಇನ್ನಷ್ಟು ತಡವಾದದ್ದು ಕಂಡಿಲ್ಲ. ಇಂಗ್ಲಿಷ್ ಸರಾಗವಾಗಿ ಬಾರದ ತಾಯಿ ಅದಕ್ಕೇ ಬದಲಾದರೆ ಅವಳ ಮಾತು ‘ಕಮ್, ಸಿಟ್, ಈಟ್’ಗೆ ಇಳಿಯುತ್ತದೆ. ಮುದ್ದು, ಲಾಲಿ, ರೇಗಿಸುವಿಕೆ ನಿಂತುಹೋಗುತ್ತವೆ. ಅಜ್ಜಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ಈ ಸಲಹೆಯ ಬೆನ್ನಿಗೇ ತಾಯಿಯ ಮೇಲೆ ದೂರೂ ಬರುತ್ತದೆ. ಆದರೆ ಆಟಿಸಂ ಎಂದರೆ ಮಿದುಳಿನ ಬೆಳವಣಿಗೆಯಲ್ಲೇ ಇರುವ ವ್ಯತ್ಯಾಸ. ಅದಕ್ಕೆ ತಾಯಿ ಕಾರಣಳಲ್ಲ. 1950–60ರ ದಶಕಗಳಲ್ಲಿ ಅಮೆರಿಕದ ಬ್ರೂನೋ ಬೆಟಲ್‌ಹೈಮ್‌ರಂಥವರು ತಾಯಂದಿರ ಪ್ರೀತಿಯ ಕೊರತೆಯೇ ಕಾರಣವೆಂದು ಸಾರಿದರು. 1964ರಲ್ಲಿ ಆ ವಾದವನ್ನು ಪುಸ್ತಕ ಬರೆದು ಮುರಿದ ಬರ್ನಾರ್ಡ್ ರಿಮ್‌ಲ್ಯಾಂಡ್, ಆಟಿಸಂ ಇದ್ದ ಹುಡುಗನೊಬ್ಬನ ತಂದೆ. ‘ಕೆಲಸಕ್ಕೆ ಹೋಗ್ತಾಳೆ, ಮೊಬೈಲ್ ಕೊಟ್ಟು ಕೂರಿಸ್ತಾಳೆ, ಅದಕ್ಕೇ ಹೀಗೆ’ ಎನ್ನುವ ನಮ್ಮ ನೆಂಟರ ಬಾಯಲ್ಲಿ ಅದೇ ಹಳೆಯ ಆರೋಪ ಇನ್ನೂ ಬದುಕಿದೆ.

ಹಾಗಾದರೆ ಮನೆಯಲ್ಲಿ ಮಾಡಬೇಕಾದ್ದೇನು? ಮಕ್ಕಳು ಸಾಮಾನ್ಯವಾಗಿ ಅಮ್ಮ ಬೆರಳು ತೋರಿದ ಕಡೆ ನೋಡಿ ಪದ ಕಲಿಯುತ್ತವೆ. ಆಟಿಸಂ ಇರುವ ಮಗುವಿಗೆ ಇದು ಸುಲಭವಲ್ಲ. ಹಾಗಾಗಿ ಅದರ ನೋಟ ಹೋದ ಕಡೆಗೆ ದೊಡ್ಡವರೇ ಹೋಗಬೇಕು. ಮಗು ಫ್ಯಾನು ನೋಡುತ್ತಿದ್ದರೆ ಮುಖ ಹಿಡಿದು ತಿರುಗಿಸದೆ, ‘ಫ್ಯಾನು… ತಿರುಗ್ತಿದೆ’ ಎಂದು ಹೇಳಿ ಸುಮ್ಮನೆ ಕಾಯಬೇಕು. ಇಡ್ಲಿಯನ್ನೆಲ್ಲ ಒಮ್ಮೆಗೇ ಬಡಿಸದೆ ಒಂದು ತುಂಡು ಕೊಟ್ಟು ನಿಲ್ಲಬೇಕು. ಅದು ಕೈ ಎಳೆದರೂ, ಒಂದು ಸದ್ದು ಮಾಡಿದರೂ ಉತ್ತರವೆಂದೇ ತೆಗೆದುಕೊಂಡು ಕೂಡಲೇ ಇನ್ನೊಂದು ತುಂಡು ಕೊಡಬೇಕು. ಈ ಕಾಯುವಿಕೆಯೇ ಎಲ್ಲಕ್ಕಿಂತ ಕಷ್ಟದ ಪಾಠ. ಕೇಳುವ ಮುಂಚೆಯೇ ಬಾಯಿಗಿಡುವುದು ನಮ್ಮ ಮನೆಗಳ ಅಭ್ಯಾಸ.

ಇಂಥ ಪಾಠವನ್ನು ಮನೆಯವರಿಗೆ ಕಲಿಸಿ ನೋಡಿದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಗೋವಾ ಮತ್ತು ರಾವಲ್ಪಿಂಡಿಯ ಆಟಿಸಂ ಇರುವ 65 ಮಕ್ಕಳ ಮನೆಯವರೊಂದಿಗೆ ನಡೆದಿತ್ತು. ಕಲಿಸಿದವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ತಾಯಿ-ಮಗು ಆಡುವುದನ್ನು ವಿಡಿಯೋ ಮಾಡಿ, ತಾಯಿಯ ಜೊತೆ ಕೂತು ನೋಡಿ ಮಾತಾಡುತ್ತಿದ್ದರು. ತಾಯಂದಿರು ಮಗುವಿನ ಲಯಕ್ಕೆ ಹೊಂದಿಕೊಂಡರು. ಮಕ್ಕಳು ತಾವಾಗಿಯೇ ಸಂಪರ್ಕಕ್ಕೆ ಮುಂದಾಗುವುದು ಹೆಚ್ಚಿತು. ಎಲ್ಲ ಅಳತೆಗಳಲ್ಲೂ ಸುಧಾರಣೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು.

ಥೆರಪಿ ಬೇಡವೆಂದಲ್ಲ. ಕರೆದರೆ ತಿರುಗದ ಮಗುವಿಗೆ ಮೊದಲು ಶ್ರವಣ ಪರೀಕ್ಷೆ ಆಗಲೇಬೇಕು; ಅದಕ್ಕೆ ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಿದೆ. ಥೆರಪಿಗೆ ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ವಾಕ್-ಭಾಷಾ ತಜ್ಞೆ ಪ್ರತಿಭಾ ಕಾರಂತ್ 2000ದಲ್ಲಿ ಇದೇ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ‘ಕಾಮ್ ಡೀಲ್’ ಥೆರಪಿ ಕ್ರಮವನ್ನು ರೂಪಿಸಿದರು. ‘ಅವರಪ್ಪನೂ ತಡವಾಗೇ ಮಾತಾಡಿದ್ದು, ಬಿಡಮ್ಮ’ ಎಂಬ ಸಮಾಧಾನ ನಂಬಿ ವರ್ಷ ಕಳೆಯಬಾರದು.

ಆದರೆ ಕೆ.ಆರ್. ಪುರದಿಂದ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಹಾರ್ನ್ ಸದ್ದು ದಾಟಿ ಬರುವ ಮಗು ಥೆರಪಿಗೆ ಕೂರುವ ಹೊತ್ತಿಗೇ ಸೋತಿರುತ್ತದೆ. ಅಲ್ಲಿ ಸಿಗುವುದು ದಿನದ ಒಂದು ಗಂಟೆ. ಅದಕ್ಕೇ ಥೆರಪಿಸ್ಟರನ್ನು ಕೇಳಿ: ‘ಈ ವಾರ ಮನೆಯಲ್ಲಿ ನಾವೇನು ಮಾಡಬೇಕು? ನಮ್ಮ ಭಾಷೆಯಲ್ಲೇ, ಮಾಡಿ ತೋರಿಸಿ.’ ಆಗ ಅಪ್ಪನೂ ಪಕ್ಕದಲ್ಲಿರಲಿ, ಸಾಧ್ಯವಾದರೆ ಅಜ್ಜಿಯೂ.