ಮೂಗಿಗೊಂದು ಕೆಲಸ

ಪಾಠ ಶುರುವಾಗುವ ಮುಂಚೆ ಮೇಷ್ಟ್ರು ಒಂದು ಊದುಬತ್ತಿ ಹಚ್ಚುತ್ತಾರೆ. ಅದು ದೇವರಿಗೂ ಅಲ್ಲ, ನಾಯಿಗೂ ಅಲ್ಲ, ನಾಯಿ ಸಾಕಿದವರಿಗೆ. ಕೋಣೆಯ ಮಧ್ಯದ ಕುರ್ಚಿಯ ಹತ್ತಿರ ಅದನ್ನು ಹಿಡಿದು, "ಹೊಗೆ ಎಲ್ಲಿಗೆ ಹೋಗುತ್ತೆ, ಬರೀ ಅದನ್ನ ನೋಡಿ" ಅನ್ನುತ್ತಾರೆ. ಹೊಗೆ ನೆಟ್ಟಗೆ ಏಳುತ್ತದೆ. ತೆರೆದ ಕಿಟಕಿಯ ಕಡೆ ಹೋದೀತು ಎಂದುಕೊಂಡರೆ ಹೋಗುವುದಿಲ್ಲ. ಬಾಗಿಲ ಸಂದಿಯಿಂದ ನುಗ್ಗುವ ಗಾಳಿಗೆ ಸಿಕ್ಕಿ ಅಡ್ಡಡ್ಡ ಹರಿದು, ಬೀರುವಿನ ಪಕ್ಕದ ಮೂಲೆ ಸೇರಿ ಅಲ್ಲೇ ಸುತ್ತುತ್ತ ನಿಲ್ಲುತ್ತದೆ.

ಹಿಂದೊಮ್ಮೆ ಇದೇ ಮೂಲೆಯಲ್ಲಿ ಲ್ಯಾಬ್ರಡಾರ್ ನಾಯಿಯೊಂದು ಗೋಡೆ ಕೆರೆಯುತ್ತ ನಿಂತಿತ್ತಂತೆ. ಕೋಳಿ ತುಂಡು ಬಚ್ಚಿಟ್ಟಿದ್ದದ್ದು ಕುರ್ಚಿಯ ಕೆಳಗೆ. "ನಮ್ಮದು ಸ್ವಲ್ಪ ದಡ್ಡ" ಎಂದರಂತೆ ಯಜಮಾನರು. "ದಡ್ಡ ಅದಲ್ಲ ಸಾರ್. ವಾಸನೆ ಎಲ್ಲಿ ಕೂತಿದೆಯೋ ಅಲ್ಲಿಗೇ ಹೋಗಿದೆ. ಕುರ್ಚಿ ಹತ್ತಿರ ಹೋಗಬೇಕಾದ್ದು ಆಮೇಲೆ. ಅದಕ್ಕೆ ಟೈಮ್ ಕೊಡಿ" ಎಂದು ಇವರು ಉತ್ತರ ಕೊಟ್ಟರು. ಅವತ್ತಿನಿಂದ ಹೊಸಬರಿಗೆಲ್ಲ ಮೊದಲ ಪಾಠ ಊದುಬತ್ತಿಯದೇ. ಅದನ್ನು ಹಚ್ಚಿದ ಕೋಣೆಗೆ ಆ ದಿನ ನಾಯಿಗಳನ್ನು ಬಿಡುವುದಿಲ್ಲ. ನಮಗೆ ಹಿತವಾದ ಗಂಧ ಅವಕ್ಕೆ ಘಾಟು.

ಮೈಸೂರಿನ ಈ ಬಡಾವಣೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ನಾಯಿ ಮೇಷ್ಟ್ರು ಎಂದೇ. ಪೊಲೀಸ್ ಶ್ವಾನದಳದಲ್ಲಿ ಹ್ಯಾಂಡ್ಲರ್ ಆಗಿದ್ದು ನಿವೃತ್ತರಾದವರು. ಈಗ ಭಾನುವಾರ ಬೆಳಿಗ್ಗೆ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ, ಮಳೆ ಬಂದರೆ ಹಜಾರದಲ್ಲಿ, ಸಾಕುನಾಯಿಗಳಿಗೆ ಮೂಸುವ ಆಟ ಕಲಿಸುತ್ತಾರೆ. ಕೂರು, ನಿಲ್ಲು, ಕೈ ಕೊಡು ಎಂಬುದೆಲ್ಲ ಇವರ ಪಾಠದಲ್ಲಿಲ್ಲ. ಒಂದು ವಸ್ತು ಬಚ್ಚಿಡುವುದು, ನಾಯಿ ಅದನ್ನು ಹುಡುಕುವುದು, ಅಷ್ಟೇ. ನೋಡಿದವರಿಗೆ ಮಕ್ಕಳಾಟ ಅನ್ನಿಸೀತು.

ಅದು ಮಕ್ಕಳಾಟ ಹೌದೋ ಅಲ್ಲವೋ ತಿಳಿಯಲು ನಾಯಿಯ ಮೂಗನ್ನು ಸ್ವಲ್ಪ ಬಲ್ಲವರಾಗಬೇಕು. ವಾಸನೆ ಹಿಡಿಯುವ ಗ್ರಾಹಕಗಳು ನಮಗೆ 50-60 ಲಕ್ಷವಾದರೆ, ತಳಿಗೆ ತಕ್ಕಂತೆ ನಾಯಿಗೆ 10 ಕೋಟಿಯಿಂದ 30 ಕೋಟಿ. ಮೂಸುವಾಗ ಅದು ಸೆಕೆಂಡಿಗೆ ಸುಮಾರು ಐದು ಸಲ ಗಾಳಿ ಎಳೆಯುತ್ತದೆ. ಹೊರಬಿಡುವ ಉಸಿರು ಹೊಳ್ಳೆಗಳ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗುವುದರಿಂದ ಮುಂದಿರುವ ವಾಸನೆ ಕೆಡುವುದಿಲ್ಲ. ಎರಡು ಹೊಳ್ಳೆಗಳ ಕೆಲಸವೂ ಬೇರೆ ಬೇರೆ. ಹೊಸ ವಾಸನೆಯನ್ನು ನಾಯಿ ಮೊದಲು ಬಲ ಹೊಳ್ಳೆಯಿಂದ ಮೂಸಿ, ಅಪಾಯವಿಲ್ಲ ಎಂದಾದ ಮೇಲೆ ಎಡಕ್ಕೆ ಬದಲಿಸುತ್ತದೆ. ಪಶುವೈದ್ಯರ ಬೆವರನ್ನು ಮಾತ್ರ ಬಲ ಹೊಳ್ಳೆಯಲ್ಲೇ ಮೂಸುತ್ತಿರುತ್ತದೆ. ಇಟಲಿಯ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಸಂಗತಿ ಇದು. ಹೇಳಿದಾಗ ಮೇಷ್ಟ್ರು ಜೋರಾಗಿ ನಕ್ಕರು. "ಡಾಕ್ಟ್ರನ್ನ ಕಂಡರೆ ರಾಣಿ ಯಾಕೆ ಹಾಗೆ ಮುಖ ಓರೆ ಮಾಡ್ತಿದ್ದಳು ಅಂತ ಈಗ ಗೊತ್ತಾಯ್ತು."

ರಾಣಿ ಅವರ ಸರ್ವೀಸಿನ ಕೊನೆಯ ನಾಯಿ, ಸ್ಫೋಟಕ ಪತ್ತೆ ಮಾಡುವ ಲ್ಯಾಬ್ರಡಾರ್. ನಾನು ಹೋದದ್ದು ಆಟದ ಬಗ್ಗೆ ಬರೆಯಲು, ಅವರು ಹೇಳಿದ್ದು ಹೆಚ್ಚಾಗಿ ರಾಣಿಯ ಕಥೆ. ದಸರಾ ಬಂದೋಬಸ್ತಿನ ದಿನಗಳಲ್ಲಿ ಅರಮನೆ ಆವರಣ, ಬನ್ನಿಮಂಟಪದ ಮೈದಾನ, ಗಣ್ಯರು ಕೂರುವ ಸಾಲು ಸಾಲು ಕುರ್ಚಿ, ಎಲ್ಲವನ್ನೂ ಅವಳು ಮೂಸಬೇಕಿತ್ತು. ಏನೂ ಸಿಗುತ್ತಿರಲಿಲ್ಲ. ಊರಿಗೆ ಅದು ಒಳ್ಳೆಯ ಸುದ್ದಿ. ನಾಯಿಗೆ?

"ಅವಳಿಗೆ ಬಾಂಬು ಅಂದರೆ ಏನು ಗೊತ್ತು ಸಾರ್? ಆ ವಾಸನೆ ಸಿಕ್ಕಿದರೆ ಕೂತ್ಕೋಬೇಕು, ಕೂತರೆ ರಬ್ಬರ್ ಚೆಂಡು ಸಿಗುತ್ತೆ, ಅಷ್ಟೇ. ಬೆಳಿಗ್ಗೆಯಿಂದ ಹುಡುಕಿ ಹುಡುಕಿ ಚೆಂಡು ಸಿಗದಿದ್ದರೆ ಬೇಜಾರಾಗಲ್ವಾ? ಅದಕ್ಕೆ ಡ್ಯೂಟಿ ಮುಗಿದ ಮೇಲೆ ನಾವೇ ಒಂದು ಕಡೆ ಸ್ಯಾಂಪಲ್ ಇಟ್ಟು ಹುಡುಕಿಸ್ತಿದ್ವಿ. ಸೋತು ಮನೆಗೆ ಹೋಗಬಾರದು ನೋಡಿ."

ಶ್ವಾನದಳಗಳಲ್ಲಿ ಇದು ರೂಢಿ. ಪತ್ತೆಯ ನಾಯಿಗೆ ಕೆಲಸ, ಆಟ ಎಂಬ ಎರಡು ಕಪಾಟುಗಳಿಲ್ಲ. 2024ರ ಜುಲೈನಲ್ಲಿ ದಾವಣಗೆರೆ ಪೊಲೀಸರ ನಾಯಿ ತುಂಗಾ-2 ಚನ್ನಗಿರಿ ತಾಲ್ಲೂಕಿನಲ್ಲಿ ರಾತ್ರಿ ಸುಮಾರು 8 ಕಿಲೋಮೀಟರ್ ಓಡಿ ಕೊಲೆ ಆರೋಪಿಯ ಜಾಡು ಹಿಡಿದಾಗ, ಅಲ್ಲಿ ಪೆಟ್ಟು ತಿನ್ನುತ್ತಿದ್ದ ಹೆಂಗಸಿನ ಜೀವವೂ ಉಳಿಯಿತು. ನಾವು ಅದನ್ನು ಶೌರ್ಯವೆಂದು ಕೊಂಡಾಡಿದೆವು, ಕೊಂಡಾಡಬೇಕಾದದ್ದೇ. ತುಂಗಾಳ ಮಟ್ಟಿಗೆ ಅದೊಂದು ಉದ್ದನೆಯ, ಬಲು ಚೆನ್ನಾದ ಆಟವಾಗಿದ್ದಿರಬೇಕು ಅನ್ನುತ್ತಾರೆ ಮೇಷ್ಟ್ರು.

ಈ ವಿದ್ಯೆಯ ಚರಿತ್ರೆ ಕೇಳಿದರೆ ಅವರ ಕಥೆ ತಮ್ಮ ಸರ್ವೀಸಿನಿಂದ ಹಿಂದಕ್ಕೆ ಹೋಗುವುದಿಲ್ಲ. ಪುಸ್ತಕ ಹಿಡಿದರೆ ಡಾರ್ವಿನ್ನನ ಕಿರಿಯ ಗೆಳೆಯ ಜಾರ್ಜ್ ರೋಮೇನ್ಸ್ ಸಿಗುತ್ತಾನೆ. ತನ್ನ ಹಿಂದೆ ಹನ್ನೊಂದು ಜನರನ್ನು ಸಾಲಾಗಿ, ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆಯಿಡುವಂತೆ ನಡೆಸಿ, ಆಮೇಲೆ ಸಾಲನ್ನು ಎರಡಾಗಿ ಒಡೆದ. ಅಷ್ಟು ಜನ ತುಳಿದ ಹೆಜ್ಜೆಯಲ್ಲೂ ಅವನ ನಾಯಿ ಒಡೆಯನನ್ನೇ ಹುಡುಕಿ ಬಂತು. ಅವನು ಅದನ್ನು ಬರೆದದ್ದು 1887ರಲ್ಲಿ. ಮನೆನಾಯಿಗಳಿಗೆಂದೇ ಇದು ಆಟವಾದದ್ದು ಈಚೆಗೆ. 2000ದ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಾನ್ ಗಾಂಟ್, ಏಮಿ ಹೆರೊ, ಜಿಲ್ ಮರೀ ಓಬ್ರಯನ್ ಎಂಬ ಪತ್ತೆನಾಯಿ ತರಬೇತುದಾರರು ಅದಕ್ಕೆ ನೋಸ್ ವರ್ಕ್ ಎಂಬ ಕ್ರಮ ಕಟ್ಟಿದರು. ಬರ್ಚ್ ಮರ, ಆನಿಸ್, ಲವಂಗ ಇವುಗಳ ಎಣ್ಣೆಯ ವಾಸನೆ ಗುರುತಿಸುವುದು ಅದರ ಪರೀಕ್ಷೆ. 2017ರಿಂದ ಅಮೆರಿಕನ್ ಕೆನಲ್ ಕ್ಲಬ್ ಕೂಡ ಸ್ಪರ್ಧೆ ನಡೆಸುತ್ತಿದೆ.

ಮೇಷ್ಟ್ರು ಎಣ್ಣೆಯ ತಂಟೆಗೆ ಹೋಗುವುದಿಲ್ಲ. ಲವಂಗದೆಣ್ಣೆ ನಾಯಿಯ ಹೊಟ್ಟೆಗೆ ಹೋದರೆ ಕೆಡುಕು, ಬಾಲ ಅಲ್ಲಾಡಿಸಲು ಪ್ರಮಾಣಪತ್ರವೂ ಬೇಕಿಲ್ಲ. ಅವರ ಸಾಮಾನೆಂದರೆ ಮಡಚದ ರಟ್ಟಿನ ಡಬ್ಬಗಳು, ಮೊಟ್ಟೆಯ ಟ್ರೇ, ಹಳೇ ಟವೆಲ್, ಗೋಣಿಚೀಲ. ಬೇಯಿಸಿದ ಕೋಳಿ ತುಂಡನ್ನು ಒಂದು ಡಬ್ಬದಲ್ಲಿಟ್ಟು ಉಳಿದವನ್ನು ಖಾಲಿ ಬಿಡುತ್ತಾರೆ. ಮೊದಲು ನಾಯಿ ನೋಡುತ್ತಿರುವಾಗಲೇ ಇಡಬೇಕು, ಆಮೇಲೆ ಕಣ್ಣಿಗೆ ಕಾಣದಂತೆ, ಆಮೇಲೆ ಎತ್ತರದಲ್ಲಿ. ಸಸ್ಯಾಹಾರಿ ಮನೆಯವರು ಪನೀರ್ ತರುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬಿದ್ದ ಯಾವುದೂ ಕೂಡದು. ಕಲ್ಕತ್ತೆಯ ಐಸರ್ ಸಂಸ್ಥೆಯವರು ಬೀದಿನಾಯಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಮಾಂಸದ ವಾಸನೆ ಯಾವುದರಲ್ಲಿ ಜೋರಾಗಿದೆಯೋ ಅದನ್ನೇ ಅವು ಮೊದಲು ಆರಿಸುತ್ತವೆ ಎಂದು ಕಂಡುಬಂದಿದೆ. ಹಾಗಾಗಿ ಪನೀರಿನ ನಾಯಿಗೆ ಪಕ್ಕದ ನಾಯಿಯ ಡಬ್ಬದ ಮೇಲೇ ಮನಸ್ಸು.

ಬೀದಿಯ ಕೊನೆಮನೆಯ ಅಜ್ಜಿ ಹಾವೇರಿ ಕಡೆಯವರು. ಕೌದಿ ಹೊಲಿದು ಉಳಿದ ಚಿಂದಿಗಳನ್ನು ರಬ್ಬರ್ ಮ್ಯಾಟಿನ ತೂತುಗಳಿಗೆ ಗಂಟು ಹಾಕಿ ಕೊಟ್ಟಿದ್ದಾರೆ. ಅಂಗಡಿಯಲ್ಲಿ ಸ್ನಫಲ್ ಮ್ಯಾಟ್ ಎಂದು ಮಾರುವುದು ಇದನ್ನೇ. ಚಿಂದಿಯ ನಡುವೆ ತಿಂಡಿಯ ಕಾಳು ಉದುರಿಸಿದರೆ ನಾಯಿ ಮೂತಿ ಹುದುಗಿಸಿ ಒಂದೊಂದಾಗಿ ಹೆಕ್ಕುತ್ತದೆ. ಬಟ್ಟಲಲ್ಲಿ ಸುರಿದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿದ್ದ ಊಟ ಅದು.

ನಿಯಮಗಳು ಸ್ವಲ್ಪವೇ, ಎಲ್ಲವೂ ಮನುಷ್ಯರಿಗೆ. ಬೆರಳು ತೋರಿಸಬಾರದು. "ಅಲ್ಲಲ್ಲ, ಇಲ್ಲಿ" ಎನ್ನಬಾರದು. ಬೆಲ್ಟು ಬಿಗಿಯಬಾರದು. ಆಟ ನಾಯಿ ಗೆದ್ದಾಗಲೇ ಮುಗಿಯಬೇಕು. ಕೊನೆಯ ನಿಯಮ ರಾಣಿಯ ಬನ್ನಿಮಂಟಪದ ದಿನಗಳಿಂದ ಬಂದದ್ದು. ಅಪಾರ್ಟ್‌ಮೆಂಟಿನಿಂದ ಬಂದ ಒಂದು ಹೆಣ್ಣು ಬೀದಿನಾಯಿ, ದತ್ತು ತಂದದ್ದು, ಮೊದಮೊದಲು ಡಬ್ಬದ ಹತ್ತಿರವೂ ಸುಳಿಯುತ್ತಿರಲಿಲ್ಲವಂತೆ. ನಾನು ಕಂಡ ದಿನ ಅದು ಸೈಟಿನಲ್ಲಿ ಗಾಳಿಗೆ ಅಡ್ಡವಾಗಿ ಎಡಕ್ಕೂ ಬಲಕ್ಕೂ ಓಡಾಡಿ, ಒಂದು ಕಡೆ ಕತ್ತು ಸರಕ್ಕನೆ ತಿರುಗಿಸಿತು. "ಸಿಕ್ತು" ಎಂದರು ಮೇಷ್ಟ್ರು ಪಿಸುದನಿಯಲ್ಲಿ. ನಾಯಿ ಇನ್ನೂ ತಿಂಡಿ ಬಚ್ಚಿಟ್ಟಿದ್ದ ಇಟ್ಟಿಗೆ ರಾಶಿಯಿಂದ ಎಷ್ಟೋ ದೂರದಲ್ಲಿತ್ತು. ಅದರ ಯಜಮಾನತಿ ಬಾಯಿಗೆ ಕೈ ಅಡ್ಡ ಹಿಡಿದು, ಹೇಳಿಕೊಡದೆ ಇರಲು ಪಡುತ್ತಿದ್ದ ಪಾಡು ನಾಯಿಯ ಪಾಡಿಗಿಂತ ಹೆಚ್ಚಿನದು.

ಇದರಿಂದ ನಾಯಿಗೆ ಆಗುವುದೇನು? ಶಾರ್ಲಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ನಾಯಿಗಳಿದ್ದವು. ಎರಡು ವಾರ ಅರ್ಧದಷ್ಟಕ್ಕೆ ಮೂಸುವ ಆಟ, ಉಳಿದವಕ್ಕೆ ಒಡೆಯನ ಕಾಲಬದಿಯಲ್ಲೇ ನಡೆಯುವ ಅಭ್ಯಾಸ. ಒಂದು ಜಾಗದ ಬಟ್ಟಲಲ್ಲಿ ತಿಂಡಿ ಇರುತ್ತದೆ, ಇನ್ನೊಂದು ಜಾಗದ್ದರಲ್ಲಿ ಇರುವುದಿಲ್ಲ ಎಂದು ಎಲ್ಲಕ್ಕೂ ಗೊತ್ತು. ಬಟ್ಟಲನ್ನು ಎರಡರ ನಡುವೆ ಇಟ್ಟರೆ? ಮೂಸುವ ಆಟವಾಡಿದವು ಮೊದಲಿಗಿಂತ ಬೇಗ ಅದರತ್ತ ಹೋದವು. ಬದಿಯಲ್ಲಿ ನಡೆದವುಗಳಲ್ಲಿ ಆ ಬದಲಾವಣೆ ಕಾಣಲಿಲ್ಲ. ಸಿಕ್ಕೀತು ಎಂಬ ನಂಬಿಕೆ ನಾಯಿಯಲ್ಲಿ ಹೆಚ್ಚಿತ್ತು ಎಂಬುದು ಸಂಶೋಧಕರ ತೀರ್ಮಾನ. ಪ್ರಯೋಗ ಚಿಕ್ಕದು, ಆದರೆ ಇಲ್ಲಿಗೆ ಬರುವವರು ಹೇಳುವುದಕ್ಕೆ ಅದು ದೂರವಿಲ್ಲ: ಸೋಫಾ ಕಡಿಯುವುದು ಕಡಿಮೆಯಾಗಿದೆ, ಲಿಫ್ಟಿನ ಸದ್ದಿಗೆ ಬೊಗಳುವುದು ಕಡಿಮೆಯಾಗಿದೆ, ಆಟ ಮುಗಿಸಿದ ನಾಯಿ ಚೆನ್ನಾಗಿ ನಿದ್ದೆ ಮಾಡುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ನಾಯಿಗಳಿಗೆ ಊಟಕ್ಕೆ ಕೊರತೆಯಿಲ್ಲ, ಔಷಧಕ್ಕಿಲ್ಲ, ಮುದ್ದಿಗಂತೂ ಇಲ್ಲವೇ ಇಲ್ಲ. ಟೈಲ್ಸ್ ನೆಲವನ್ನು ದಿನಾ ಫಿನಾಯಿಲಿನಲ್ಲಿ ಒರೆಸುತ್ತೇವೆ. ವಾಕಿಂಗಿಗೆ ಕರೆದೊಯ್ದರೆ ನಮಗೆ ಹೆಜ್ಜೆಯ ಲೆಕ್ಕ. ಕಂಬದ ಬುಡದಲ್ಲಿ ನಾಯಿ ನಿಂತರೆ ಚೈನು ಜಗ್ಗುತ್ತೇವೆ. ಅದಕ್ಕೆ ಲೋಕವೆಲ್ಲ ಇರುವುದೇ ಆ ಬುಡದಲ್ಲಿ. ಮೂಗಿನಿಂದ ಬದುಕಬೇಕಾದ ಪ್ರಾಣಿಗೆ ಕೆಲಸವೇ ಇಲ್ಲದಂತೆ ಮಾಡಿ, ಆಮೇಲೆ ಅದರ ಚೇಷ್ಟೆಗೆ ತರಬೇತುದಾರರನ್ನು ಹುಡುಕುತ್ತೇವೆ.

ಮೇಷ್ಟ್ರಿಗೆ ಬರುವ ಫೋನುಗಳೂ ಬಹಳಷ್ಟು ಆ ಬಗೆಯವೇ. ಅಪರಿಚಿತರು ಬಂದರೆ ಎಗರಬೇಕು, ಹಾಗೆ ಕಲಿಸುತ್ತೀರಾ ಎಂದು ಕೇಳುತ್ತಾರೆ. ಮೂಸುವುದು ಕಲಿಸುತ್ತೇನೆ ಎಂದರೆ "ಅದು ಅದಕ್ಕೆ ಗೊತ್ತೇ ಇದೆಯಲ್ಲ" ಎಂದು ಫೋನು ಇಟ್ಟುಬಿಡುತ್ತಾರೆ. ಸಾಲದ್ದಕ್ಕೆ ಪಕ್ಕದ ಸೈಟು ಮಾರಾಟವಾಗಿದೆ, ಪಾಯ ತೆಗೆಯಲು ಗುರುತು ಹಾಕಿ ಆಗಿದೆ. ಪಾರ್ಕಿಗೆ ನಾಯಿ ಬಿಡುವುದಿಲ್ಲ. ಹಜಾರದಲ್ಲಿ ಹೆಚ್ಚೆಂದರೆ ಮೂರು ನಾಯಿ. ಮುಂದೇನು ಎಂದು ಕೇಳಿದೆ.

"ಇದಕ್ಕೆ ಸೈಟು ಯಾಕೆ ಸಾರ್? ಮನೆಯಲ್ಲಿ ಎರಡು ಡಬ್ಬ, ಒಂದು ಟವೆಲ್ ಇದ್ದರೆ ಸಾಕು. ಅದನ್ನೇ ಹೇಳಿ ಹೇಳಿ ಕಳಿಸ್ತೀನಿ. ಆದರೆ ಭಾನುವಾರ ಇಲ್ಲಿ ಆಡಿಸಿಕೊಂಡು ಹೋದವರು ಸೋಮವಾರದಿಂದ ಮತ್ತೆ ಬಟ್ಟಲಿಗೇ ಸುರೀತಾರೆ. ಅವರಿಗೆ ಟೈಮಿಲ್ಲ ಅಂತಾರೆ. ನಾಯಿಗೆ ಇರೋದೇ ಹತ್ತು ಹನ್ನೆರಡು ವರ್ಷ, ಅದರಲ್ಲಿ ಎಷ್ಟು ಸೋಮವಾರ ಬರುತ್ತೆ ಅಂತ ಯಾರೂ ಲೆಕ್ಕ ಹಾಕಲ್ಲ."