ಬೆರಳಿಗೆ ಗೊತ್ತಿರುವ ತೆಲುಗು

ಉಬುಂಟು, ಫೆಡೋರಾ, ಡೆಬಿಯನ್, ಯಾವ ಲಿನಕ್ಸ್ ಆದರೂ ಸರಿ. ಕೀಬೋರ್ಡ್ ಸೆಟ್ಟಿಂಗ್ಸ್ ತೆರೆದು ತೆಲುಗಿಗೆ ಯಾವ ಯಾವ ಕೀಲಿಮಣೆ ವಿನ್ಯಾಸಗಳಿವೆ ಎಂದು ಹುಡುಕಿದರೆ ಪಟ್ಟಿಯಲ್ಲಿ ‘ತೆಲುಗು (ಕಗಪ, ಫೊನೆಟಿಕ್)’ ಎಂಬ ಸಾಲು ಸಿಗುತ್ತದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರೂ ಕೆ.ಪಿ. ರಾವ್ ಎಂದೇ ಕರೆಯುವ ಹಿರಿಯರು, ಕನ್ನಡಕ್ಕೆಂದು ರೂಪಿಸಿದ ವಿನ್ಯಾಸವಿದು. ಕರ್ನಾಟಕ ಸರ್ಕಾರ ಅದನ್ನು ಒಪ್ಪಿಕೊಂಡಿತು, ‘ನುಡಿ’ ತಂತ್ರಾಂಶ ಅದನ್ನು ತಾಲ್ಲೂಕು ಕಚೇರಿಗಳವರೆಗೆ ಒಯ್ದಿತು. ಅದೇ ವಿನ್ಯಾಸ ಇಂದು ಲಿನಕ್ಸ್‌ನಲ್ಲಿ ತೆಲುಗು, ಹಿಂದಿ, ಮರಾಠಿ, ಸಂಸ್ಕೃತಕ್ಕೂ ಇದೆ. ನುಡಿಯಲ್ಲಿ ಕೈ ಪಳಗಿದವರು ತೆಲುಗು ಟೈಪಿಂಗ್ ಹೊಸದಾಗಿ ಕಲಿಯಬೇಕಿಲ್ಲ. ಇಷ್ಟು ಹತ್ತಿರವಿರುವ ಸೌಲಭ್ಯ ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಕನ್ನಡದವರಿಗೆ ತೆಲುಗು ಟೈಪಿಂಗ್ ಏಕೆ ಎನ್ನುವವರು ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು, ಪಾವಗಡದ ಕಡೆ ಹೋಗಿ ಬರಬೇಕು. ಅಲ್ಲಿ ಎಷ್ಟೋ ಮನೆಗಳೊಳಗೆ ಮಾತು ತೆಲುಗು, ಶಾಲೆಯ ಬರಹ ಕನ್ನಡ. ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡಿದವರು. ಬೆಂಗಳೂರು, ಮೈಸೂರಿನ ಸಂಗೀತದ ಮೇಷ್ಟ್ರುಗಳಿಗೆ ತ್ಯಾಗರಾಜರ ಕೃತಿಗಳಿಂದಾಗಿ ತೆಲುಗು ದಿನನಿತ್ಯದ ಭಾಷೆ; ಮೈಸೂರು ವಾಸುದೇವಾಚಾರ್ಯರೂ ತೆಲುಗಿನಲ್ಲಿ ರಚಿಸಿದರು. ಅಜ್ಜಿಯೊಡನೆ ತೆಲುಗಿನಲ್ಲಿ ಮಾತಾಡುವ ಹುಡುಗರು ಅದೇ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುತ್ತಿದ್ದಾರೆ.

ಮೊದಲು ತೆರೆಯ ಮೇಲೆ ಅಕ್ಷರ ಕಾಣಬೇಕು. ಇದು ಈಗ ಸುಲಭ. ಲೋಹಿತ್ ಅಥವಾ ನೋಟೋ ಫಾಂಟು ಸಾಮಾನ್ಯವಾಗಿ ಲಿನಕ್ಸ್ ಜೊತೆಗೇ ಬಂದಿರುತ್ತದೆ. ತೆಲುಗು ಪುಟ ತೆರೆದಾಗ ಖಾಲಿ ಚೌಕಗಳೇ ಕಂಡರೆ ಫಾಂಟ್ ಇಲ್ಲ ಎಂದರ್ಥ. ಉಬುಂಟು, ಡೆಬಿಯನ್‌ನಲ್ಲಿ ಪ್ಯಾಕೇಜ್ ಹುಡುಕುವ ಕಡೆ ಫಾಂಟ್ಸ್ ಎಂದು ಬರೆದು, ಅಡ್ಡಗೆರೆ ಹಾಕಿ, ಟಿ, ಇ, ಎಲ್, ಯು ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಸೇರಿಸಿದರೆ ತೆಲುಗು ಫಾಂಟುಗಳ ಕಟ್ಟು ಸಿಗುತ್ತದೆ. ಫೆಡೋರಾದಲ್ಲಿ ತೆಲುಗಿನ ಭಾಷಾ ಪ್ಯಾಕ್ ಹಾಕಿದರೆ ಸಾಕು.

ಆದರೆ ಫಾಂಟ್ ಇದ್ದ ಮಾತ್ರಕ್ಕೆ ನಮ್ಮ ಲಿಪಿಗಳು ಸರಿಯಾಗಿ ಮೂಡುವುದಿಲ್ಲ. ಗುಣಿತ ಸೇರಿದಾಗ ತಲೆಕಟ್ಟು ಬದಲಾಗಬೇಕು, ಒತ್ತು ಕೆಳಗಿಳಿಯಬೇಕು, ಐತ್ವದ ಒಂದು ಭಾಗ ಮೇಲಕ್ಕೂ ಇನ್ನೊಂದು ಅಡಿಗೂ ಹೋಗಬೇಕು. ಈ ಜೋಡಣೆಗೆ ಬೇರೊಂದು ತಂತ್ರಾಂಶವಿದೆ. ಹಿಂದೆ ಲಿನಕ್ಸ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪಿನ ಜೋಡಣೆ ಒಂದು, ಕೆಡಿಇ ಡೆಸ್ಕ್‌ಟಾಪಿನದು ಇನ್ನೊಂದು, ಆಫೀಸ್ ತಂತ್ರಾಂಶದ್ದು ಮತ್ತೊಂದು. ಹಾಗಾಗಿ ಒಂದೇ ತೆಲುಗು ಸಾಲು ಒಂದು ಕಿಟಕಿಯಲ್ಲಿ ನೆಟ್ಟಗೆ, ಪಕ್ಕದ ಕಿಟಕಿಯಲ್ಲಿ ಒತ್ತುಗಳೆಲ್ಲ ಚೆಲ್ಲಾಪಿಲ್ಲಿ. ಈಗ ಹೆಚ್ಚುಕಡಿಮೆ ಎಲ್ಲವೂ ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ತಂತ್ರಾಂಶವನ್ನು ಬಳಸುತ್ತವೆ. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಅದನ್ನು ಮುನ್ನಡೆಸಿದವರು. ಲಿಬ್ರೆಆಫೀಸ್ 2013ರ ಹೊತ್ತಿಗೆ ಲಿನಕ್ಸ್‌ನಲ್ಲಿ ಅದಕ್ಕೆ ಹೊರಳಿತು. ಯಾವ ತಂತ್ರಾಂಶದಲ್ಲೇ ಆಗಲಿ, ಲಿಪಿ ಜೋಡಿಸುವ ಕೆಲಸ ಎಷ್ಟು ನಾಜೂಕಿನದೆಂದರೆ, 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರದೊಳಗೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿದ ಸಂದೇಶ ಬಂದರೆ ಐಫೋನಿನ ಆ್ಯಪ್‌ಗಳೇ ಕುಸಿಯುತ್ತಿದ್ದವು.

ಕನ್ನಡ ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಯೂನಿಕೋಡಿನಲ್ಲಿ ತೆಲುಗಿಗೂ ಕನ್ನಡಕ್ಕೂ ತಲಾ 128 ಸ್ಥಾನ, ಅದೂ ಒಂದರ ಬೆನ್ನಿಗೆ ಇನ್ನೊಂದು. ತೆಲುಗಿನ ‘ಕ’ ಇರುವಲ್ಲಿಂದ ಸರಿಯಾಗಿ 128 ಸ್ಥಾನ ದಾಟಿದರೆ ಕನ್ನಡದ ‘ಕ’. ಹಾಗಾಗಿ ತೆಲುಗು ಸಾಹಿತ್ಯವನ್ನು ಕನ್ನಡ ಲಿಪಿಗೆ ತರುವುದು ಬಹುಪಾಲು ಬರೀ ಕೂಡುವ ಲೆಕ್ಕ. ಅಕ್ಷರಗಳ ಸಾಲು ಒಂದೇ ಆದರೂ ರೂಪ ಬೇರೆಯಾಗುವ ಜಾಗ ಅರ್ಕಾವೊತ್ತಿನದು. ‘ಕರ್ಮ’ ಎಂದು ಬರೆದರೆ ಕನ್ನಡದಲ್ಲಿ ರಕಾರ ತಾನಾಗಿಯೇ ಅರ್ಕಾವೊತ್ತಾಗಿ ಮಕಾರದ ಮುಂದೆ ಕೂರುತ್ತದೆ. ತೆಲುಗಿನಲ್ಲಿ ಅದೇ ಸಾಲಿಗೆ ಪೂರ್ತಿ ರಕಾರ, ಅದರಡಿ ಮಕಾರದ ಒತ್ತು. ಹಳೆಯ ತೆಲುಗು ಪುಸ್ತಕಗಳಲ್ಲಿ ಕಾಣುವ ‘ವಲಪಲಗಿಲಕ’, ಅಂದರೆ ಅವರ ಅರ್ಕಾವೊತ್ತು, ಬೇಕೆಂದರೆ ರಕಾರದ ಅರ್ಧಾಕ್ಷರದ ನಂತರ ಕಾಣದ ಜೋಡುಸಂಕೇತವೊಂದನ್ನು ಇಡಬೇಕು. ಹಳೆಯ ಗ್ರಂಥ ಇದ್ದಂತೆಯೇ ಟೈಪ್ ಮಾಡಹೊರಟವರು ಇದು ತಿಳಿಯದೆ ಫಾಂಟನ್ನು ಬೈಯುತ್ತಾರೆ.

ಇನ್ನು ಟೈಪಿಂಗ್. ಇಲ್ಲಿ ಆಯ್ಕೆಗಳು ಜಾಸ್ತಿ, ಗೊಂದಲವೂ ಜಾಸ್ತಿ. ಪಟ್ಟಿಯಲ್ಲಿ ಬರೀ ‘ತೆಲುಗು’ ಎಂದಿರುವುದು ಇನ್‌ಸ್ಕ್ರಿಪ್ಟ್: ಭಾರತದ ಎಲ್ಲ ಲಿಪಿಗಳಿಗೂ ಒಂದೇ ವಿನ್ಯಾಸವಿರಲಿ ಎಂದು 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ತಂದದ್ದು. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ವೇಗಕ್ಕೆ ಒಳ್ಳೆಯದು, ಆದರೆ ಮೊದಲಿನಿಂದ ಅಭ್ಯಾಸ ಮಾಡಬೇಕು.

ಇನ್ನೊಂದು ದಾರಿ ಇಂಗ್ಲಿಷ್ ಉಚ್ಚಾರಣೆಯಲ್ಲಿ ಬರೆದು ತೆಲುಗಾಗಿಸುವುದು. ಇದಕ್ಕೆ ಐಬಸ್ ಎಂಬ ಚೌಕಟ್ಟೂ ಅದರೊಳಗೆ ಜಪಾನಿನ ಸಂಶೋಧಕರು ಕಟ್ಟಿದ ‘ಎಂ17ಎನ್’ ಗ್ರಂಥಾಲಯವೂ ಬೇಕು. ಎರಡನ್ನೂ ಜೋಡಿಸುವ ಪ್ಯಾಕೇಜ್ ಎಲ್ಲ ಲಿನಕ್ಸ್‌ಗಳಲ್ಲಿ ಸಿಗುತ್ತದೆ. ಅದರಲ್ಲಿ ಐಟ್ರಾನ್ಸ್ ಎಂಬ ಪದ್ಧತಿ ಇದೆ, ಆರ್‌ಟಿಎಸ್ ಎಂಬುದೂ ಇದೆ. ಆರ್‌ಟಿಎಸ್ ಹುಟ್ಟಿದ್ದು ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ. ಊರು ಬಿಟ್ಟು ಹೋದ ತೆಲುಗರು ಯೂನಿಕೋಡ್ ಬಳಕೆಗೆ ಬರುವ ಮೊದಲೇ ಇಂಗ್ಲಿಷ್ ಅಕ್ಷರಗಳಲ್ಲಿ ಪದ್ಯ ಬರೆದು ಹಂಚಿಕೊಳ್ಳುತ್ತಿದ್ದರಲ್ಲ, ಆ ಕಾಲದ ಪದ್ಧತಿ. ಅದರ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ದಿನವೂ ಬರೆಯುವವರಿಗೆ ನಾನು ಹೇಳುವುದು ಕಗಪ. ಉಚ್ಚಾರಣೆಯ ಪದ್ಧತಿಯಲ್ಲಿ ಪ್ರತಿ ಅಕಾರಕ್ಕೂ ಒಂದು ಕೀಲಿ ಒತ್ತಬೇಕು. ಕಗಪದಲ್ಲಿ ವ್ಯಂಜನ ಅಕಾರ ಸಮೇತ ಬರುತ್ತದೆ. ತೆಲುಗಿನ ‘ಪುಸ್ತಕಂ’ ಬೇಕೆಂದರೆ ಪಿ, ಯು, ಎಸ್, ಎಫ್, ಟಿ, ಕೆ, ಕೊನೆಗೆ ಶಿಫ್ಟ್ ಹಿಡಿದು ಎಂ. ಮಧ್ಯದ ‘ಎಫ್’ ಒತ್ತಕ್ಷರದ ಕೀಲಿ. ಟಕಾರ ‘ಕ್ಯೂ’ನಲ್ಲಿ, ಡಕಾರ ‘ಡಬ್ಲ್ಯು’ನಲ್ಲಿ, ಮಹಾಪ್ರಾಣಕ್ಕೆ ಶಿಫ್ಟ್. ನುಡಿ ಬಳಸುವವರು ಇದನ್ನು ಓದುವಾಗಲೇ ಅವರ ಬೆರಳು ಆಡಿರುತ್ತದೆ.

ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ. ಲಿನಕ್ಸ್‌ನ ಮೂಲ ಕೀಲಿಮಣೆ ವ್ಯವಸ್ಥೆ ಒಂದು ಕೀಲಿಗೆ ಒಂದು ಅಕ್ಷರ ಕೊಡುತ್ತದೆಯೇ ಹೊರತು ಹಿಂದಿನ ಅಕ್ಷರ ಯಾವುದೆಂದು ನೋಡುವುದಿಲ್ಲ. ನುಡಿಯಲ್ಲಾದರೆ ‘ಐ’ ಒತ್ತಿದಾಗ ಸಂದರ್ಭ ನೋಡಿ ಗುಣಿತವೋ ಪೂರ್ಣ ಸ್ವರವೋ ಬರುತ್ತದೆ. ಇಲ್ಲಿ ಬರುವುದು ಗುಣಿತ. ಪದದ ಮೊದಲಿಗೆ ಇ, ಉ, ಎ ಬೇಕಾದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ಮೊದಮೊದಲು ಕಿರಿಕಿರಿ ಎನಿಸುತ್ತದೆ, ಬೇಗ ರೂಢಿಯಾಗುತ್ತದೆ.

ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್, ಅಧಿಕ ಚಿಹ್ನೆ. ಅಲ್ಲಿ ತೆಲುಗಿನಡಿ ಕಗಪ ಆರಿಸಿ. ವಿಂಡೋಸ್ ಚಿಹ್ನೆಯ ಕೀಲಿ ಹಾಗೂ ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಕೆಡಿಇಯಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ಲೇಔಟ್ ವಿಭಾಗದಲ್ಲಿ ಇದೇ ಕೆಲಸ. ಹೆಚ್ಚುವರಿಯಾಗಿ ಏನನ್ನೂ ಹಾಕಿಕೊಳ್ಳಬೇಕಿಲ್ಲ.

ಲಿಬ್ರೆಆಫೀಸ್‌ನಲ್ಲಿ ಹಲವರು ಎಡವುವುದು ಒಂದೇ ಕಡೆ. ಫಾಂಟ್ ಬದಲಿಸಿದರೂ ತೆಲುಗು ಬದಲಾಗುವುದಿಲ್ಲ ಎಂಬ ದೂರು ಅಲ್ಲಿಂದಲೇ ಬರುವುದು. ಅದು ಭಾರತೀಯ ಲಿಪಿಗಳನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಬೇರೆ ಗುಂಪಿನಲ್ಲಿಟ್ಟಿದೆ. ಆಯ್ಕೆಗಳಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಆ ಗುಂಪಿಗೆ ಗುರುತು ಹಾಕಿ, ಭಾಷೆ ತೆಲುಗು ಎಂದು ಆರಿಸಿ, ಫಾಂಟನ್ನೂ ಆ ಗುಂಪಿಗೆಂದೇ ಬೇರೆಯಾಗಿ ನಿಗದಿ ಮಾಡಬೇಕು. ಟರ್ಮಿನಲ್ ಕಿಟಕಿಯಲ್ಲಿ ಮಾತ್ರ ಚೆಂದದ ತೆಲುಗನ್ನು ನಿರೀಕ್ಷಿಸಬೇಡಿ. ಪ್ರತಿ ಅಕ್ಷರವನ್ನೂ ಸಮ ಅಗಲದ ಚೌಕದಲ್ಲಿ ಕೂರಿಸುವ ಆ ಏರ್ಪಾಡು ಒತ್ತಕ್ಷರಗಳಿಗೆ ಹೊಂದುವುದಿಲ್ಲ.

ಫಾಂಟುಗಳ ವಿಷಯದಲ್ಲಿ ತೆಲುಗರು ನಿಜಕ್ಕೂ ಶ್ರೀಮಂತರು. ತಿರುಮಲ ಕೃಷ್ಣ ದೇಶಿಕಾಚಾರ್ಯುಲು ಮಾಡಿಕೊಟ್ಟ ಪೋತನ 2000, ವೇಮನ 2000 ಹಳೆಯ ಕಾಲದಿಂದಲೂ ಲಿನಕ್ಸ್‌ನಲ್ಲಿವೆ. ಬಳಿಕ ಸಿಲಿಕಾನ್ ಆಂಧ್ರ ಸಂಸ್ಥೆ ಮುಕ್ತ ಪರವಾನಗಿಯಲ್ಲಿ ಒಂದು ದೊಡ್ಡ ಗುಚ್ಛವನ್ನೇ ಹೊರತಂದಿತು: ಪೆದ್ದನ, ತಿಮ್ಮನ, ಧೂರ್ಜಟಿ, ತೆನಾಲಿ ರಾಮಕೃಷ್ಣ, ಜೊತೆಗೆ ಶ್ರೀಕೃಷ್ಣದೇವರಾಯ. ಆ ದೊರೆಯೂ ಅವನ ಕವಿಗಳೂ ಸೇರಿ ನಮ್ಮ ಹಂಪಿಯಲ್ಲಿ ನಡೆದ ಆಸ್ಥಾನ ಫಾಂಟುಗಳ ಮೆನುವಿನಲ್ಲಿ ಮತ್ತೆ ನೆರೆದಿದೆ! ತೆರೆಯ ಮೇಲೆ ಉದ್ದ ಬರಹ ಓದಲು ನನಗೆ ನೋಟೋ ಅಥವಾ ಮಂಡಲಿ ಹಿತ, ಅಚ್ಚಿಗೆ ಪೋತನ.

ಕೊನೆಗೆ, ಮನೆಯಲ್ಲಿ ಹಳೆಯ ತೆಲುಗು ಡಿಟಿಪಿ ಕಡತಗಳಿರುವವರಿಗೆ. ಅನು ಮುಂತಾದ ಹಳೆಯ ಫಾಂಟುಗಳಲ್ಲಿ ಕೂರಿಸಿದ ಪುಸ್ತಕ, ಲಗ್ನಪತ್ರಿಕೆ, ಭಜನೆಯ ಹಾಳೆಗಳು ಯೂನಿಕೋಡ್ ಅಲ್ಲ. ಲಿನಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಾಣುತ್ತವೆ. ಇಂಥ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಯಾವ ಫಾಂಟಿನಲ್ಲಿ ಬರೆದದ್ದು ಎಂಬುದು ತಿಳಿದಿರಬೇಕು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಕಡತದ ಜೊತೆ ಆ ಫಾಂಟ್ ಫೈಲನ್ನೂ ನಕಲು ಮಾಡಿಟ್ಟುಕೊಳ್ಳಿ. ಒಂದು ಪುಟವನ್ನಾದರೂ ಕಾಗದದ ಮೇಲೆ ಅಚ್ಚು ತೆಗೆದಿಡಿ, ಬದಲಾಯಿಸಿದ ಮೇಲೆ ಒತ್ತುಗಳೆಲ್ಲ ಸರಿ ಬಂದಿವೆಯೇ ಎಂದು ಅದರೊಡನೆ ಹೋಲಿಸಿ ನೋಡಬಹುದು.